ಹೊಗಳಿಕೆಯ ಕಲ್ಲಿನಲ್ಲಿ ಉಳಿದ ನಿಜ

ಐಹೊಳೆಯ ಮೇಗುತಿ ಜಿನಾಲಯದ ಗೋಡೆಯ ಮೇಲೆ ಒಂದು ಶಾಸನವಿದೆ. ಕಾಲ ಶಕವರ್ಷ 556, ಅಂದರೆ ಕ್ರಿ.ಶ. 634ರ ಸುಮಾರು. ಭಾಷೆ ಸಂಸ್ಕೃತ, ಲಿಪಿ ಹಳಗನ್ನಡದ್ದು. ಬರೆದವನು ರವಿಕೀರ್ತಿ, ಬಸದಿಯನ್ನು ಕಟ್ಟಿಸಿದವನೂ ಅವನೇ. ಇಮ್ಮಡಿ ಪುಲಕೇಶಿಯನ್ನು ಬಾಯ್ತುಂಬ ಹೊಗಳುವ ಈ ಶಾಸನದ ವಿಷಯದಲ್ಲಿ ಪುಣೆಯ ನಮ್ಮ ಕನ್ನಡ ಗೆಳೆಯರಲ್ಲಿ ಎರಡು ಪಕ್ಷ. ಕೆಲವರಿಗೆ ಅದರ ಪ್ರತಿ ಅಕ್ಷರವೂ ಇತಿಹಾಸ. ಉಳಿದವರಿಗೆ ಅದೆಲ್ಲ ಆಸ್ಥಾನದ ಬೊಗಳೆ. ನನಗೆ ಎರಡೂ ಓದು ಒಪ್ಪಿಗೆಯಿಲ್ಲ.

ಸಾಫ್ಟ್‌ವೇರ್ ಪ್ರಾಜೆಕ್ಟುಗಳನ್ನು ನಡೆಸುವ ನನ್ನ ಕೆಲಸದಲ್ಲಿ ವಾರವಾರವೂ ವರದಿಗಳು ಬರುತ್ತವೆ. 'ಅದ್ಭುತ ಪ್ರಗತಿ' ಎಂಬ ಮಾತನ್ನು ನಾನು ನಂಬುವುದೂ ಇಲ್ಲ, ವರದಿಯನ್ನು ಬಿಸಾಡುವುದೂ ಇಲ್ಲ. ಯಾವ ಭಾಗ ಮುಗಿದಿದೆ, ಯಾರು ಪರೀಕ್ಷಿಸಿದರು, ಯಾವ ದಿನ ಎಂದು ಹುಡುಕುತ್ತೇನೆ. ವಿಶೇಷಣ ಬಿಟ್ಟು ಹೆಸರುಗಳನ್ನು ಹಿಡಿಯುವುದು. ಪ್ರಶಸ್ತಿ ಶಾಸನಕ್ಕೂ ಇದೇ ಓದು ಒಪ್ಪುತ್ತದೆ.

ಪಶ್ಚಿಮ ಸಮುದ್ರದ ಪುರಿಯನ್ನು ಪುಲಕೇಶಿ ಮುತ್ತಿದ ಸಂದರ್ಭ ನೋಡಿ. ಮದಗಜಗಳಂಥ ನೂರಾರು ಹಡಗುಗಳು. ಮೋಡ ಕವಿದ ಆಕಾಶ ಕಡಲಿನಂತೆ, ಕಡಲು ಆಕಾಶದಂತೆ ಕಂಡಿತಂತೆ. ಹಡಗುಗಳ ಲೆಕ್ಕ ಇದರಿಂದ ಸಿಗದು. ಆದರೆ ಹಡಗೇ ಇಲ್ಲದ ಅರಸನಿಗೆ ಈ ಹೋಲಿಕೆ ಹೊಸೆದಿದ್ದರೆ ಕೇಳಿದವರು ನಗುತ್ತಿದ್ದರು. ಹರ್ಷನನ್ನು ಸೋಲಿಸಿದ ಪದ್ಯದಲ್ಲಿ ಕವಿ ಅವನ ಹೆಸರಿನ ಮೇಲೇ ಶ್ಲೇಷೆ ಮಾಡುತ್ತಾನೆ: ಭಯದಿಂದ ಹರ್ಷನ ಹರ್ಷವೇ ಇಳಿದುಹೋಯಿತು. ಇದು ಬರಿಯ ಮಾತಿನ ಆಟ ಎನ್ನುವಂತಿಲ್ಲ. ಹರ್ಷನ ಆದರಕ್ಕೆ ಪಾತ್ರನಾಗಿದ್ದ ಚೀನೀ ಯಾತ್ರಿಕ ಹ್ಯುಯೆನ್ ತ್ಸಾಂಗನೂ ಮಹಾರಾಷ್ಟ್ರದ ಜನ ಮಾತ್ರ ಅವನಿಗೆ ತಲೆಬಾಗಲಿಲ್ಲ ಎಂದು ಬರೆದಿದ್ದಾನೆ.

ಅದೇ ಶಾಸನ ಪುಲಕೇಶಿಯನ್ನು 99,000 ಹಳ್ಳಿಗಳ ಮೂರು ಮಹಾರಾಷ್ಟ್ರಗಳ ಒಡೆಯ ಎನ್ನುತ್ತದೆ. ನಾನಿರುವ ಪುಣೆಯೂ ಅದರಲ್ಲಿ ಸೇರಿತ್ತೆಂದು ಹಿಗ್ಗುವ ಮುನ್ನ ಬನವಾಸಿ 12000, ಗಂಗವಾಡಿ 96000 ಎಂಬ ಹೆಸರುಗಳನ್ನು ನೆನೆಯಬೇಕು. ಇವು ನಾಡಿನ ಹೆಸರಿಗೆ ಅಂಟಿಕೊಂಡ ಸಂಖ್ಯೆಗಳು. ಮನೆಮನೆಗೆ ಹೋಗಿ ಎಣಿಸಿದ ಜನಗಣತಿಯಲ್ಲ.

ಈಗ ಎದುರಾಳಿಯ ಕಡೆಗೆ ಬನ್ನಿ. ಪಲ್ಲವರ ಅರಸ ಪುಲಕೇಶಿಗೆ ಹೆದರಿ ಕಂಚಿಯ ಕೋಟೆಗೋಡೆಯ ಹಿಂದೆ ಅಡಗಿದ ಎಂದು ರವಿಕೀರ್ತಿ ಬರೆದ. ಕೆಲವೇ ವರ್ಷಗಳಲ್ಲಿ ನರಸಿಂಹವರ್ಮ ಬಾದಾಮಿಯನ್ನೇ ಗೆದ್ದ. ಅವನ ಮೊಮ್ಮಗ ಪರಮೇಶ್ವರವರ್ಮನ ಕೂರಂ ತಾಮ್ರಪಟದಲ್ಲಿ ಅದಕ್ಕೆ ಉತ್ತರವಿದೆ: ಓಡುತ್ತಿದ್ದ ಪುಲಕೇಶಿಯ ಬೆನ್ನೇ ತಾಮ್ರಪಟವಾಯಿತು, ಅದರ ಮೇಲೆ ನರಸಿಂಹವರ್ಮ 'ವಿಜಯ' ಎಂಬ ಅಕ್ಷರಗಳನ್ನು ಕೆತ್ತಿದ. ಕನ್ನಡಿಗನಾಗಿ ಓದುವಾಗ ಚುರುಕ್ಕೆನ್ನುತ್ತದೆ. ಆದರೂ ಎಂಥ ರೂಪಕ! ಅದರ ಜೊತೆಗಿರುವ ಊರಿನ ಹೆಸರುಗಳಲ್ಲಿ ಮಣಿಮಂಗಲ ಒಂದು. ಅದು ಇಂದಿನ ಚೆನ್ನೈಯ ತಾಂಬರಂ ಬಳಿ ಇದೆ. ಅಂದರೆ ಚಾಲುಕ್ಯರ ಸೇನೆ ಅಷ್ಟು ದೂರ ಹೋಗಿತ್ತು. ನಮ್ಮವರ ನಡೆಯ ಗುರುತನ್ನು ಉಳಿಸಿಕೊಟ್ಟದ್ದು ವೈರಿಯ ಜಂಬ.

ನಮ್ಮವರ ಉತ್ಪ್ರೇಕ್ಷೆಯನ್ನು ಇತಿಹಾಸವೆಂದೂ ಅವರದನ್ನು ಸುಳ್ಳೆಂದೂ ಓದುವ ಚಾಳಿ ವಾಟ್ಸಾಪಿನಲ್ಲಿ ಬೆಳೆಯುತ್ತಿದೆ. ಬೇರೆ ಭಾಷೆಯವರ ನಡುವೆ ಬದುಕುವ ನಮಗೆ ಅದು ಹೆಚ್ಚು ದುಬಾರಿ. ಪಕ್ಕದ ಮನೆಯವರೂ ತಮ್ಮ ಶಾಸನ ಹಿಡಿದು ಬಂದರೆ ಉಳಿಯುವುದು ಜಗಳ ಮಾತ್ರ. ಅತಿಶಯೋಕ್ತಿ ಉಳಿದ ಅಲಂಕಾರಗಳಿಗೂ ಆಸರೆ ಎಂದವನು ದಂಡಿ. ಅವನ 'ಕಾವ್ಯಾದರ್ಶ'ವನ್ನು ಬಹುಮಟ್ಟಿಗೆ ಅನುಸರಿಸಿ ಹುಟ್ಟಿದ್ದು ನಮ್ಮ 'ಕವಿರಾಜಮಾರ್ಗ'. ಅವರಿಗೆ ಅದು ಕಲಿತು ಬಳಸುವ, ಕೇಳುಗನೂ ಗುರುತಿಸುವ ವಿದ್ಯೆಯಾಗಿತ್ತು, ಮೋಸವಾಗಿರಲಿಲ್ಲ.

ಶಾಸನದ ಕೊನೆಯಲ್ಲಿ ರವಿಕೀರ್ತಿ ತನ್ನನ್ನೂ ಬಿಡದೆ ಹೊಗಳಿಕೊಳ್ಳುತ್ತಾನೆ: ಕಾಳಿದಾಸ, ಭಾರವಿಯರಿಗೆ ಸಮನಾದ ಕೀರ್ತಿ ತನ್ನದಂತೆ. ಅದನ್ನು ಯಾರೂ ಒಪ್ಪಲಿಕ್ಕಿಲ್ಲ. ಆದರೆ ಆ ಇಬ್ಬರ ಕಾಲವನ್ನು ಹುಡುಕುವ ವಿದ್ವಾಂಸರಿಗೆ ಇದೇ ಗಟ್ಟಿ ಆಧಾರ. ಕ್ರಿ.ಶ. 634ರ ಹೊತ್ತಿಗೆ ಇಬ್ಬರೂ ಹೆಸರಾಂತರು, ಅದಕ್ಕಿಂತ ಈಚಿನವರಲ್ಲ ಎಂದು ಹೇಳಲು ಸಾಧ್ಯವಾದದ್ದು ಈ ಒಬ್ಬ ಕವಿಯ ಆತ್ಮಪ್ರಶಂಸೆಯಿಂದ.