ಸೆರೆಮನೆಯೋ ಆಸ್ಪತ್ರೆಯೋ? ಲೆಕ್ಸಿಂಗ್ಟನ್ ವ್ಯಸನ ಚಿಕಿತ್ಸಾಲಯದ ಇತಿಹಾಸ (1935–1974)

ಮಾದಕ ವಸ್ತುವಿಗೆ ವಶನಾದವನು ಅಪರಾಧಿಯೇ, ರೋಗಿಯೇ ಎಂಬ ಪ್ರಶ್ನೆ ಮೇಲುನೋಟಕ್ಕೆ ನ್ಯಾಯಶಾಸ್ತ್ರಕ್ಕೂ ವೈದ್ಯಶಾಸ್ತ್ರಕ್ಕೂ ಸೇರಿದುದು. ಆದರೆ ಅಂಥವನು ಚಿಕಿತ್ಸೆಯನ್ನರಸಿ ಹೊರಟಾಗ ಅವನಿಗೆ ಯಾವ ಬಾಗಿಲು ತೆರೆದಿರುತ್ತದೆಂಬುದು ಆಯಾ ಕಾಲದ ರಾಜ್ಯಶಕ್ತಿ ಈ ಪ್ರಶ್ನೆಗೆ ಕೊಟ್ಟ ಉತ್ತರವನ್ನೇ ಅವಲಂಬಿಸಿರುತ್ತದೆ. ಆದುದರಿಂದ ಇದು ಇತಿಹಾಸದ ಪ್ರಶ್ನೆಯೂ ಹೌದು. ಅಮೆರಿಕ ಸಂಯುಕ್ತ ಸಂಸ್ಥಾನದ ಕೆಂಟಕಿ ರಾಜ್ಯದಲ್ಲಿ, ಲೆಕ್ಸಿಂಗ್ಟನ್ ನಗರದ ಬಳಿ, 1935ರಿಂದ 1974ರವರೆಗೆ ನಡೆದ ಸರ್ಕಾರಿ ಚಿಕಿತ್ಸಾಲಯವೊಂದರ ಚರಿತ್ರೆಯನ್ನು ಪ್ರಕೃತ ಲೇಖನದಲ್ಲಿ ನಾವು ಈ ದೃಷ್ಟಿಯಿಂದ ಪರಿಶೀಲಿಸುತ್ತೇವೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಆ ದೇಶದ ಔಷಧದ ಅಂಗಡಿಗಳಲ್ಲಿ ಅಫೀಮು, ಮಾರ್ಫಿನ್ ಮೊದಲಾದವು ಬಹುಮಟ್ಟಿಗೆ ನಿರ್ಬಂಧವಿಲ್ಲದೆ ದೊರೆಯುತ್ತಿದ್ದವು. ನೋವಿನ ಶಮನಕ್ಕೆಂದು ವೈದ್ಯರು ಕೊಟ್ಟ ಮದ್ದಿನಿಂದಲೇ ವ್ಯಸನಕ್ಕೆ ಸಿಲುಕಿದವರು ಅನೇಕರಿದ್ದರು. 1914ರ ಹ್ಯಾರಿಸನ್ ಶಾಸನವು ಈ ವಸ್ತುಗಳ ಮಾರಾಟವನ್ನು ಹತೋಟಿಗೆ ತಂದಿತು. ವ್ಯಸನವನ್ನು ನಡೆಸಿಕೊಂಡು ಹೋಗಲೆಂದೇ ವೈದ್ಯನು ಮಾರ್ಫಿನ್ ಬರೆದುಕೊಡುವುದು ಶಾಸನಸಮ್ಮತವಲ್ಲವೆಂದು 1919ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿತು. ಆಗ ಸುಮಾರು 40 ನಗರಗಳಲ್ಲಿ ವ್ಯಸನಿಗಳಿಗಾಗಿ ಚಿಕಿತ್ಸಾಲಯಗಳು ತಲೆಯೆತ್ತಿದವಾದರೂ ಕೇಂದ್ರ ಸರ್ಕಾರದ ವಿರೋಧದಿಂದ ಕೆಲವೇ ವರ್ಷಗಳಲ್ಲಿ ಅವೆಲ್ಲವೂ ಮುಚ್ಚಿಹೋದವು. ವೈದ್ಯನ ಬಾಗಿಲು ಹೀಗೆ ಮುಚ್ಚಿದ ಮೇಲೆ ಉಳಿದುದು ಸೆರೆಮನೆಯ ಬಾಗಿಲೊಂದೇ. 1920ರ ದಶಕದ ಅಂತ್ಯದ ಹೊತ್ತಿಗೆ ಕೇಂದ್ರ ಸರ್ಕಾರದ ಬಂದೀಖಾನೆಗಳು ವ್ಯಸನಿಗಳಿಂದ ಕಿಕ್ಕಿರಿದು ಹೋಗಿದ್ದವು.

1929ರಲ್ಲಿ ಅಂಗೀಕೃತವಾದ ಪೋರ್ಟರ್ ಶಾಸನವು ಈ ಇಕ್ಕಟ್ಟಿನ ಫಲ. ಅದರಂತೆ ವ್ಯಸನಿಗಳಿಗಾಗಿಯೇ ಎರಡು ಸಂಸ್ಥೆಗಳು ನಿರ್ಮಿತವಾದವು. ಮೊದಲನೆಯದು 1935ರ ಮೇ ತಿಂಗಳಲ್ಲಿ ಲೆಕ್ಸಿಂಗ್ಟನ್ನಿನಲ್ಲಿಯೂ ಎರಡನೆಯದು 1938ರಲ್ಲಿ ಟೆಕ್ಸಾಸಿನ ಫೋರ್ಟ್ ವರ್ತ್‌ನಲ್ಲಿಯೂ ಪ್ರಾರಂಭವಾದವು. ಲೆಕ್ಸಿಂಗ್ಟನ್ ಸಂಸ್ಥೆ ಸುಮಾರು 1,000 ಎಕರೆ ಭೂಮಿಯಲ್ಲಿ ಹರಡಿಕೊಂಡಿತ್ತು. ಶಿಕ್ಷೆ ಹೊಂದಿದ ಕೈದಿಗಳೂ ಸ್ವಇಚ್ಛೆಯಿಂದ ಬಂದ ರೋಗಿಗಳೂ ಅಲ್ಲಿ ಒಂದೇ ಸೂರಿನಡಿ ಇರುತ್ತಿದ್ದರು. ವೈದ್ಯರಿದ್ದರು, ಕಿಟಕಿಗಳಿಗೆ ಸರಳುಗಳೂ ಇದ್ದವು. ಸೆರೆಮನೆಯೋ ಆಸ್ಪತ್ರೆಯೋ ಎಂಬ ಪ್ರಶ್ನೆಗೆ ರಾಜ್ಯವು ಎರಡೂ ಹೌದೆಂದು ಉತ್ತರಿಸಿದಂತಾಯಿತು.

ಚಿಕಿತ್ಸೆಯ ಕ್ರಮವೂ ಇಲ್ಲಿ ಗಮನಾರ್ಹವಾದುದು. ಮೊದಲ ಕೆಲವು ದಿನಗಳಲ್ಲಿ ಮಾರ್ಫಿನ್ನಿನ ಪ್ರಮಾಣವನ್ನು ಕ್ರಮೇಣ ಇಳಿಸಿ, ಮದ್ದು ನಿಂತಾಗ ದೇಹಕ್ಕೊದಗುವ ಯಾತನೆಯನ್ನು ಸಹ್ಯಗೊಳಿಸುತ್ತಿದ್ದರು. 1940ರ ದಶಕದ ಉತ್ತರಾರ್ಧದಿಂದ ಇದಕ್ಕೆ ಮೆಥಡೋನ್ ಎಂಬ ಔಷಧವು ಬಳಕೆಗೆ ಬಂದಿತು. ಬಳಿಕ ತಿಂಗಳುಗಟ್ಟಲೆ ಹೊಲದ ಕೆಲಸ, ಹೈನು, ಮರಗೆಲಸ, ಹೊಲಿಗೆ, ಸಂಗೀತ, ಮನೋವೈದ್ಯರೊಡನೆ ಸಂಭಾಷಣೆ. ನಗರದಿಂದ ದೂರವಾದ ಶುದ್ಧ ವಾಯುವೂ ದೈಹಿಕ ಶ್ರಮವೂ ಮನುಷ್ಯನನ್ನು ತಿದ್ದಬಲ್ಲವೆಂಬ ವಿಶ್ವಾಸ ಈ ವ್ಯವಸ್ಥೆಯ ತಳಹದಿಯಾಗಿತ್ತು.

ಈ ವಿಶ್ವಾಸ ಎಷ್ಟರಮಟ್ಟಿಗೆ ಸಫಲವಾಯಿತು? ಸಂಸ್ಥೆಯಿಂದ ಬಿಡುಗಡೆಯಾದ 4,766 ಪುರುಷರ ಮುಂದಿನ ಗತಿಯನ್ನು ಕುರಿತು 1943ರಲ್ಲಿ ಪ್ರಕಟವಾದ ವರದಿಯಂತೆ ವ್ಯಸನದಿಂದ ದೂರ ಉಳಿದವರು ನೂರಕ್ಕೆ ಸುಮಾರು 13 ಮಂದಿ. ಮರಳಿ ವ್ಯಸನಕ್ಕೆ ಬಿದ್ದವರು ಸುಮಾರು 40. ಮತ್ತೂ ಅಷ್ಟೇ ಮಂದಿಯ ವಿಷಯ ಏನೂ ತಿಳಿಯಲಿಲ್ಲ. ಈ ಕೊನೆಯ ಅಂಕಿಯನ್ನು ಇತಿಹಾಸದ ವಿದ್ಯಾರ್ಥಿಗಳು ಲಕ್ಷ್ಯದಲ್ಲಿಡಬೇಕು. ಹೆಬ್ಬಾಗಿಲನ್ನು ದಾಟಿದ ರೋಗಿಯನ್ನು ಅನುಸರಿಸಿ ಹೋಗುವ ಏರ್ಪಾಡೇ ಸಂಸ್ಥೆಗೆ ಇರಲಿಲ್ಲವೆಂಬುದಕ್ಕೆ ಅದೇ ಸಾಕ್ಷಿ. 1962ರಲ್ಲಿ ಪ್ರಕಟವಾದ, ನ್ಯೂಯಾರ್ಕ್ ನಗರಕ್ಕೆ ಹಿಂದಿರುಗಿದ ರೋಗಿಗಳನ್ನು ಕುರಿತ ಇನ್ನೊಂದು ಅಧ್ಯಯನದಲ್ಲಿ ವ್ಯಸನಕ್ಕೆ ಮರಳಿದವರ ಸಂಖ್ಯೆ ನೂರಕ್ಕೆ 90ನ್ನು ಮೀರಿತ್ತು.

ಇಷ್ಟರಿಂದ ವ್ಯಸನವು ಅಸಾಧ್ಯರೋಗವೆಂದು ತೀರ್ಮಾನಿಸುವುದು ಅವಸರವಾದೀತು. ಅದೇ ಸಂಸ್ಥೆಯನ್ನು 1952ರಲ್ಲಿ ಸೇರಿದ್ದ ನ್ಯೂಯಾರ್ಕಿನ 100 ಮಂದಿಯ ಜೀವನವನ್ನು ಜಾರ್ಜ್ ವೈಲಂಟ್ ಎಂಬ ಮನೋವೈದ್ಯರು ಇಪ್ಪತ್ತು ವರ್ಷಗಳವರೆಗೆ ಗಮನಿಸಿದರು. ಅವರಲ್ಲಿಯೂ ಬಹುಪಾಲು ಮಂದಿ ಮೊದಲು ವ್ಯಸನಕ್ಕೆ ಮರಳಿದವರೇ. ಆದರೆ ಎರಡು ದಶಕಗಳ ಕೊನೆಗೆ ಸುಮಾರು ಮೂರನೆಯ ಒಂದು ಪಾಲು ಜನ ಅದನ್ನು ಸ್ಥಿರವಾಗಿ ತೊರೆದಿದ್ದರು. ಆಸ್ಪತ್ರೆಯ ಅಲ್ಪಕಾಲದ ವಾಸವಾಗಲಿ, ಕೇವಲ ಸೆರೆವಾಸವಾಗಲಿ ಇದಕ್ಕೆ ಕಾರಣವೆಂದು ಕಂಡುಬರಲಿಲ್ಲ. ಬಿಡುಗಡೆಯ ನಂತರ ದೀರ್ಘಕಾಲ ನಡೆದ ಮೇಲ್ವಿಚಾರಣೆ, ನಿಯತವಾದ ಉದ್ಯೋಗ, ಹೊಸ ಬಾಂಧವ್ಯ—ಇವು ಸಹಾಯಕವಾಗಿದ್ದವು. ರೋಗಿ ತನ್ನ ಬೀದಿಯಲ್ಲಿ, ತನ್ನ ಜನರ ನಡುವೆ ಇದ್ದಾಗಲೇ ಗುಣಮುಖನಾಗಬೇಕಾಗಿತ್ತು. ಲೆಕ್ಸಿಂಗ್ಟನ್ನಾದರೋ ಅವನನ್ನು ಅಲ್ಲಿಂದ ಬಿಡಿಸಿ ದೂರ ಒಯ್ದು, ಕೆಲವು ತಿಂಗಳ ಅನಂತರ ಒಬ್ಬಂಟಿಯಾಗಿ ಅದೇ ಬೀದಿಗೆ ಹಿಂದಕ್ಕೆ ಕಳುಹಿಸುತ್ತಿತ್ತು.

ಸಂಸ್ಥೆಯ ಒಳಗಿನಿಂದಲೇ ಇದಕ್ಕೆ ಪರಿಹಾರಗಳೂ ಹುಟ್ಟಿದವೆಂಬುದು ವಿಶೇಷ. ಪಾನವ್ಯಸನಿಗಳ ಪರಸ್ಪರ ಸಹಾಯ ಕೂಟಗಳ ಮಾದರಿಯಲ್ಲಿ 1947ರಲ್ಲಿ ಅಲ್ಲಿನ ರೋಗಿಗಳಿಗಾಗಿಯೇ ಒಂದು ಕೂಟ ಆರಂಭವಾಯಿತು. 1940ರ ದಶಕದಲ್ಲಿ ಅಲ್ಲಿ ಕೆಲಸ ಮಾಡಿದ್ದ ಮೇರಿ ನೈಸ್ವಾಂಡರ್ ಎಂಬ ವೈದ್ಯೆ, ವ್ಯಸನಿಯನ್ನು ರೋಗಿಯೆಂದೇ ಕಾಣಬೇಕೆಂದು ವಾದಿಸಿ 1956ರಲ್ಲಿ ಗ್ರಂಥವೊಂದನ್ನು ಬರೆದರು. 1964ರಿಂದ ವಿನ್ಸೆಂಟ್ ಡೋಲ್ ಎಂಬ ವೈದ್ಯರೊಡಗೂಡಿ ನ್ಯೂಯಾರ್ಕಿನಲ್ಲಿ ಅವರು ನಡೆಸಿದ ಪ್ರಯೋಗದಲ್ಲಿ, ರೋಗಿಗಳಿಗೆ ಪ್ರತಿದಿನ ಮೆಥಡೋನ್ ಕೊಟ್ಟು ಮನೆಯಲ್ಲಿದ್ದುಕೊಂಡೇ ಉದ್ಯೋಗಕ್ಕೆ ಹೋಗುವಂತೆ ಮಾಡಲಾಯಿತು. ವ್ಯಸನಿಯಾಗಿರುವುದನ್ನೇ ಅಪರಾಧವೆಂದು ಶಿಕ್ಷಿಸಲಾಗದೆಂದು 1962ರಲ್ಲಿ ಸರ್ವೋಚ್ಚ ನ್ಯಾಯಾಲಯವು ಸಾರಿತ್ತು. ಊರೂರಿನ ಚಿಕಿತ್ಸಾಲಯಗಳು ಬೆಳೆದಂತೆ ಲೆಕ್ಸಿಂಗ್ಟನ್ನಿನ ಪಾತ್ರ ಕುಗ್ಗಿತು. 1974ರಲ್ಲಿ ಆ ಕಟ್ಟಡವು ಪೂರ್ಣವಾಗಿ ಸೆರೆಮನೆಯಾಯಿತು.

ಈ ಚರಿತ್ರೆಗೆ ಕರಾಳವಾದ ಇನ್ನೊಂದು ಮುಖವಿದೆ. ಅಲ್ಲಿನ ಸಂಶೋಧನ ಕೇಂದ್ರವು ಕೈದಿಗಳ ಮೇಲೆಯೇ ಔಷಧಗಳನ್ನು ಪರೀಕ್ಷಿಸುತ್ತಿತ್ತು. ಒಪ್ಪಿಕೊಂಡವರಿಗೆ ಮಾದಕ ವಸ್ತುವೋ ಶಿಕ್ಷೆಯಲ್ಲಿ ವಿನಾಯಿತಿಯೋ ಪ್ರತಿಫಲವಾಗಿ ದೊರೆಯುತ್ತಿತ್ತು. ಬಂಧನದಲ್ಲಿರುವ ವ್ಯಸನಿಗೆ ಅವನು ಹಂಬಲಿಸುವ ವಸ್ತುವನ್ನೇ ಒಡ್ಡಿ ಪಡೆದ ಸಮ್ಮತಿ ನಿಜವಾದ ಸಮ್ಮತಿಯಲ್ಲವೆಂಬುದು ಸ್ಪಷ್ಟ. 1975ರ ಸೆನೆಟ್ ವಿಚಾರಣೆಯಲ್ಲಿ ಈ ಸಂಗತಿಗಳು ಬಯಲಾದ ಅನಂತರ ಅಲ್ಲಿನ ಪ್ರಯೋಗಗಳು ನಿಂತವು. ಆದರೂ ವ್ಯಸನ ಚಿಕಿತ್ಸೆಯಲ್ಲಿ ಇಂದು ಬಳಕೆಯಲ್ಲಿರುವ ನಾಲ್ಟ್ರೆಕ್ಸೋನ್, ಬುಪ್ರೆನಾರ್ಫಿನ್ ಔಷಧಗಳ ಗುಣವನ್ನು ನಿರ್ಣಯಿಸಿದ ಮುಖ್ಯ ಪರೀಕ್ಷೆಗಳು ಅಲ್ಲಿಯೇ ನಡೆದಿದ್ದವು. ಭಾರತದ ಸರ್ಕಾರಿ ಕೇಂದ್ರಗಳಲ್ಲಿಯೂ ಇವು ಉಪಯೋಗದಲ್ಲಿವೆ. ಆ ಅನಾಮಧೇಯ ಕೈದಿಗಳ ಋಣ ಹೀಗೆ ನಮ್ಮ ನಾಡಿನ ರೋಗಿಗಳವರೆಗೂ ಹಬ್ಬಿದೆ.

ಸೆರೆಮನೆಯೋ ಆಸ್ಪತ್ರೆಯೋ ಎಂಬ ಪ್ರಶ್ನೆ ನಮ್ಮ ಶಾಸನಗಳಲ್ಲಿಯೂ ಉಂಟು. 1985ರ ಮಾದಕ ದ್ರವ್ಯಗಳ ಅಧಿನಿಯಮವು ಮಾದಕ ಸೇವನೆಯನ್ನು ಶಿಕ್ಷಾರ್ಹವೆನ್ನುತ್ತದೆ. ಅದರ 64ಎ ವಿಧಿಯಾದರೋ, ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪವುಳ್ಳ ವ್ಯಸನಿಯು ಸರ್ಕಾರದ ಮನ್ನಣೆ ಪಡೆದ ಸಂಸ್ಥೆಯಲ್ಲಿ ತಾನಾಗಿ ಚಿಕಿತ್ಸೆ ಬಯಸಿದರೆ ಅವನನ್ನು ವಿಚಾರಣೆಯಿಂದ ಪಾರುಮಾಡುತ್ತದೆ. ಇಂಥ ವಿಧಿಯ ಫಲ ಅದರ ಅಕ್ಷರಗಳಲ್ಲಿಲ್ಲ; ರೋಗಿಗೆ ನಿಲುಕುವಷ್ಟು ಹತ್ತಿರದಲ್ಲಿ ಆಸ್ಪತ್ರೆಯಿರುವುದರಲ್ಲಿ, ಅವನು ಮತ್ತೆ ಎಡವಿ ಬಂದಾಗಲೂ ಅದು ಅವನನ್ನು ಹೊರಗಟ್ಟದಿರುವುದರಲ್ಲಿ ಇದೆ. ಲೆಕ್ಸಿಂಗ್ಟನ್ನಿನ ನಾಲ್ಕು ದಶಕಗಳ ಅನುಭವದಿಂದ ನಮಗೆ ದೊರೆಯುವ ನಿರ್ಣಯ ಇದು.