ಕೆಳಗಿನ ಹಲ್ಲಿನ ಸೆಟ್‌ಗೆ ಎರಡು ಇಂಪ್ಲಾಂಟ್ ಆಸರೆ

ಮಲಯಾಳದಲ್ಲಿ ವೆಪ್ಪುಪಲ್ಲ್, ಮರಾಠಿಯಲ್ಲಿ ಕವಳಿ, ತೆಲುಗಿನಲ್ಲಿ ಕಟ್ಟುಡು ಪಳ್ಳು. ಗಡಿಯ ಯಾವ ಊರಲ್ಲಿ ಏನೆಂದು ಕರೆದರೂ ಪೂರ್ತಿ ಹಲ್ಲಿನ ಸೆಟ್ ಕಟ್ಟಿಸಿಕೊಂಡ ಹಿರಿಯರ ದೂರು ಒಂದೇ: ಮೇಲಿನದು ಕೂರುತ್ತದೆ, ಕೆಳಗಿನದು ನಿಲ್ಲುವುದಿಲ್ಲ. ಮಾತಾಡುವಾಗ ಏಳುತ್ತದೆ, ರೊಟ್ಟಿ ಅಗಿಯುವಾಗ ಜಾರುತ್ತದೆ, ಅಡಿಯಲ್ಲಿ ಅನ್ನದ ಅಗುಳು ಸಿಕ್ಕಿ ಒಸಡು ನೋಯುತ್ತದೆ. ಕೊನೆಗೆ ಅದು ಡಬ್ಬಿ ಸೇರಿ, ಮದುವೆ ಮನೆಗೆ ಹೊರಟಾಗ ಮಾತ್ರ ಹೊರಬರುತ್ತದೆ.

ಇದರಲ್ಲಿ ಹಲ್ಲು ಕಟ್ಟಿದವರ ತಪ್ಪು ಇರಲೇಬೇಕೆಂದಿಲ್ಲ. ಮೇಲಿನ ಸೆಟ್ ಇಡೀ ಅಂಗುಳನ್ನು ಮುಚ್ಚಿಕೊಂಡು ಜೊಲ್ಲಿನ ತೆಳು ಪದರದಿಂದ ಅಂಟಿಕೊಳ್ಳುತ್ತದೆ. ಕೆಳಗೆ ಅಷ್ಟು ಜಾಗವಿಲ್ಲ. ಇರುವುದು ಕುದುರೆ ಲಾಳದಂಥ ಕಿರಿದಾದ ದಿಣ್ಣೆ. ಒಳಗೆ ಸದಾ ಅಲುಗುವ ನಾಲಿಗೆ, ಹೊರಗೆ ತುಟಿ, ಕೆನ್ನೆ. ಸಾಲದ್ದಕ್ಕೆ ಹಲ್ಲು ಹೋದ ಮೇಲೆ ದವಡೆಯ ಎಲುಬೂ ಸವೆಯುತ್ತದೆ. ಸೆಟ್ ಹಾಕಿಕೊಂಡವರನ್ನು 25 ವರ್ಷಗಳ ಅವಧಿಯಲ್ಲಿ ಗಮನಿಸಿದ ಟಾಲ್‌ಗ್ರೆನ್ ಅವರ 1972ರ ಅಧ್ಯಯನದಲ್ಲಿ ಕೆಳದವಡೆಯ ಮುಂಭಾಗ ಮೇಲ್ದವಡೆಗಿಂತ ಸುಮಾರು ನಾಲ್ಕು ಪಟ್ಟು ಸವೆದಿತ್ತು.

ಇದಕ್ಕೆ ಉಪಾಯ ಸಿಕ್ಕಿದ್ದು ಸ್ವೀಡನ್‌ನಲ್ಲಿ. ಟೈಟಾನಿಯಂ ಲೋಹ ಎಲುಬಿನೊಂದಿಗೆ ಬೆಸೆದುಕೊಳ್ಳುವುದನ್ನು ಪೆರ್ ಇಂಗ್ವರ್ ಬ್ರೋನೆಮಾರ್ಕ್ 1950ರ ದಶಕದಲ್ಲಿ ಮೊಲಗಳ ಮೇಲಿನ ಪ್ರಯೋಗದಲ್ಲಿ ಕಂಡುಕೊಂಡರು. 1965ರಲ್ಲಿ ಮೊದಲ ರೋಗಿಯ ದವಡೆಯಲ್ಲಿ ಟೈಟಾನಿಯಂ ಇಂಪ್ಲಾಂಟ್ ಕೂರಿಸಿದರು. 2002ರಲ್ಲಿ ಕೆನಡಾದ ಮ್ಯಾಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಸೇರಿದ ತಜ್ಞರು, ಹಲ್ಲಿಲ್ಲದ ಕೆಳದವಡೆಗೆ ಎರಡು ಇಂಪ್ಲಾಂಟ್ ಆಧರಿಸಿದ ಸೆಟ್ಟೇ ಮೊದಲ ಆಯ್ಕೆಯಾಗಬೇಕು ಎಂದರು. 2009ರಲ್ಲಿ ಬ್ರಿಟನ್ನಿನ ಯಾರ್ಕ್‌ನಲ್ಲಿ ಸೇರಿದವರೂ ಇದನ್ನು ಬೆಂಬಲಿಸಿದರು.

ಎರಡೇ ಎರಡು ಎಂಬುದನ್ನು ಗಮನಿಸಬೇಕು. ಇಂಪ್ಲಾಂಟ್ ಎಂದೊಡನೆ ಬಾಯಿ ತುಂಬ ಸ್ಕ್ರೂ, ಲಕ್ಷಗಟ್ಟಲೆ ಖರ್ಚು ಎಂದು ಹೆದರಿ ಎದ್ದು ಬರುವವರೇ ಹೆಚ್ಚು. ತೆಗೆಯಲಾಗದ ಸ್ಥಿರ ಹಲ್ಲಿಗೆ ನಾಲ್ಕು ಅಥವಾ ಹೆಚ್ಚು ಇಂಪ್ಲಾಂಟ್ ಬೇಕಾಗುವುದು ನಿಜ. ಸೆಟ್ ಅಲುಗದೆ ನಿಂತರೆ ಸಾಕು ಎನ್ನುವವರಿಗೆ ಎರಡು ಸಾಕು.

ಕೋರೆಹಲ್ಲುಗಳಿದ್ದ ಜಾಗದಲ್ಲಿ, ಎಡಕ್ಕೊಂದು ಬಲಕ್ಕೊಂದು ಇವನ್ನು ಕೂರಿಸುತ್ತಾರೆ. ಅಲ್ಲಿ ಎಲುಬು ಗಟ್ಟಿ, ತುಟಿಗೆ ಹೋಗುವ ನರ ಅದಕ್ಕಿಂತ ಹಿಂದೆ ಇರುತ್ತದೆ. ಹಲ್ಲು ಕೀಳುವಾಗ ಕೊಡುವಂಥ ಮರಗಟ್ಟುವ ಚುಚ್ಚುಮದ್ದು ಸಾಕಾಗುತ್ತದೆ. ಎಲುಬು ಹಿಡಿದುಕೊಳ್ಳಲು ಸಾಮಾನ್ಯವಾಗಿ ಎರಡು ಮೂರು ತಿಂಗಳು ಕಾಯಬೇಕು. ಆಮೇಲೆ ಅದರ ತಲೆಗೆ ಗುಂಡಿ, ಸೆಟ್‌ನ ಒಳಬದಿಗೆ ಅದನ್ನು ಹಿಡಿಯುವ ಬಟ್ಟಲು; ರವಿಕೆಯ ಟಿಚ್ ಬಟನ್ ಇದ್ದಂತೆ ಒತ್ತಿದರೆ ಕೂರುತ್ತದೆ, ಎಳೆದರೆ ಬರುತ್ತದೆ. ಹಳೆಯ ಸೆಟ್ ಚೆನ್ನಾಗಿದ್ದರೆ ಅದಕ್ಕೇ ಬಟ್ಟಲು ಕೂರಿಸಲು ಆಗುವುದುಂಟು.

ಹಾಗೆಂದು ಕುಟ್ಟಾಣಿ ಬಿಸಾಡಿ ಗೋಟಡಿಕೆ ಕಡಿಯಲು ಹೋಗಬಾರದು. ಹಿಂಭಾಗದಲ್ಲಿ ಸೆಟ್ ಈಗಲೂ ಒಸಡಿನ ಮೇಲೆಯೇ ಕೂರುತ್ತದೆ.

ವಯಸ್ಸು ಅಡ್ಡಿಯಲ್ಲ, ಎಪ್ಪತ್ತು ದಾಟಿದವರಿಗೂ ಮಾಡುತ್ತಾರೆ. ಆದರೆ ಸಕ್ಕರೆ ಕಾಯಿಲೆ ಹತೋಟಿಯಲ್ಲಿರಬೇಕು. ಬೀಡಿ, ಸಿಗರೇಟು ಸೇದುವವರಲ್ಲಿ ಇಂಪ್ಲಾಂಟ್ ಸಡಿಲವಾಗುವ ಸಂಭವ ಹೆಚ್ಚು. ದವಡೆಗೆ ವಿಕಿರಣ ಚಿಕಿತ್ಸೆ ಆಗಿದ್ದರೆ, ಎಲುಬು ಸವೆತಕ್ಕೆ ಔಷಧ ಅಥವಾ ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಬೇಕು.

ಗಡಿಯಾಚೆ ಚಿಕಿತ್ಸೆಗೆ ಹೋಗುವವರು ಇನ್ನೊಂದನ್ನು ಯೋಚಿಸಬೇಕು. ಕಾಸರಗೋಡಿನವರು ಮಂಗಳೂರಿಗೆ, ಆದೋನಿಯವರು ಬಳ್ಳಾರಿಗೆ ಹೋಗುವುದು ವಾಡಿಕೆ. ಇದು ಒಂದೇ ಸಲಕ್ಕೆ ಮುಗಿಯುವ ಕೆಲಸವಲ್ಲ. ಬಟ್ಟಲಿನೊಳಗಿನ ನೈಲಾನ್ ಅಥವಾ ರಬ್ಬರ್ ಬಿಲ್ಲೆ ಸವೆದಾಗ ಬದಲಿಸಬೇಕು. ಒಂದು ಕಂಪನಿಯದು ಇನ್ನೊಂದಕ್ಕೆ ಹೊಂದದೆ ಇರಬಹುದು. ಇಂಪ್ಲಾಂಟ್‌ನ ಕಂಪನಿ, ಅಳತೆ ಬರೆದ ಚೀಟಿಯನ್ನು ಕೇಳಿ ಪಡೆದು ರೇಷನ್ ಕಾರ್ಡಿನ ಜೊತೆ ಇಟ್ಟುಕೊಳ್ಳಬೇಕು. ಹೇಳಿದ ದರದಲ್ಲಿ ಗುಂಡಿ, ಬಟ್ಟಲು, ಸೆಟ್ ಎಲ್ಲ ಸೇರಿದೆಯೇ ಎಂದೂ ಮೊದಲೇ ಕೇಳುವುದು ಒಳ್ಳೆಯದು. ದಂತ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಖರ್ಚು ಕಡಿಮೆ, ಓಡಾಟ ಹೆಚ್ಚು.

ರಾತ್ರಿ ಸೆಟ್ ತೆಗೆದು ತೊಳೆದು ನೀರಲ್ಲಿಡಬೇಕು. ದವಡೆಯಲ್ಲಿ ಉಳಿದ ಎರಡು ಗುಂಡಿಗಳ ಸುತ್ತ ಮೆತ್ತನೆಯ ಬ್ರಷ್ ಆಡಿಸಬೇಕು. ಅಲ್ಲಿ ಕೊಳೆ ನಿಂತರೆ ಒಸಡು ಊದಿ, ಎಲುಬು ಕರಗಿ ಇಂಪ್ಲಾಂಟೇ ಕಳಚಬಹುದು. ಒತ್ತಿದರೆ ರಕ್ತ ಅಥವಾ ಕೀವು ಕಂಡರೆ ನೋವಿಲ್ಲವೆಂದು ಸುಮ್ಮನಿರದೆ ವೈದ್ಯರಿಗೆ ತೋರಿಸಬೇಕು.