ಫೆರೆಟ್ ಪ್ರಾಣಿಯ ರೋಮಪರಿವರ್ತನೆಯೂ ಅಂತಃಸ್ರಾವ ಚಿಕಿತ್ಸೆಯೂ

ಮುಂಗುಸಿಯಂತೆ ನೀಳದೇಹವುಳ್ಳ ಫೆರೆಟ್ ಎಂಬ ಪ್ರಾಣಿಯನ್ನು ಯುರೋಪಿನವರು ಪೂರ್ವದಲ್ಲಿ ಮೊಲದ ಬೇಟೆಗಾಗಿ ಸಾಕುತ್ತಿದ್ದರು. ಈಗ ಅದು ಮನೆಯ ಮುದ್ದುಪ್ರಾಣಿಯೂ ಆಗಿದೆ. ಇದರ ತುಪ್ಪುಳು ಚಳಿಗಾಲದಲ್ಲಿ ದಟ್ಟವಾಗಿಯೂ ಬೇಸಗೆಯಲ್ಲಿ ವಿರಳವಾಗಿಯೂ ಇರುವುದು. ಈ ಪರಿವರ್ತನೆಗೆ ಶೀತೋಷ್ಣಗಳೇ ಕಾರಣವೆಂದು ಮೇಲುನೋಟಕ್ಕೆ ತೋರುವುದು ಸಹಜ.

ಆದರೆ ಬಿಸೊನೆಟ್ ಎಂಬ ವಿದ್ವಾಂಸನು ನವೆಂಬರ್, ಡಿಸೆಂಬರ್ ತಿಂಗಳುಗಳಲ್ಲಿ ಕತ್ತಲಾದ ಮೇಲೆ ವಿದ್ಯುದ್ದೀಪವನ್ನುರಿಸಿ ಪರೀಕ್ಷಿಸಲು, ಹೆಣ್ಣು ಫೆರೆಟ್‌ಗಳು ಅಕಾಲದಲ್ಲಿಯೇ ಬೆದೆಗೆ ಬಂದುವು. ಈ ಫಲವನ್ನು ಆತನು 1932ರಲ್ಲಿ ಲಂಡನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದನು. ರೋಮಚಕ್ರಕ್ಕೂ ಬೆಳಕಿಗೂ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಗೂ ಇರುವ ಸಂಬಂಧವನ್ನು 1935ರಲ್ಲಿ ವಿವೇಚಿಸಿದನು. 1958ರಲ್ಲಿ ಲರ್ನರ್ ಮೊದಲಾದವರು ಪೀನಿಯಲ್ ಗ್ರಂಥಿಯಿಂದ ಮೆಲಟೋನಿನ್ ಎಂಬ ದ್ರವ್ಯವನ್ನು ಬೇರ್ಪಡಿಸಿದರು. ಇದು ರಾತ್ರಿಯಲ್ಲಿ ಸ್ರವಿಸತಕ್ಕುದು. ರಾತ್ರಿಯ ದೈರ್ಘ್ಯವನ್ನು ದೇಹಕ್ಕೆ ತಿಳಿಸುವ ದೂತನು ಇದೇ.

ಸಾಕಿದ ಫೆರೆಟ್ಟಿನ ವಿಷಯದಲ್ಲಿ ಒಂದು ಸಂಕಟವುಂಟು. ಗಂಡಿನೊಡನೆ ಕೂಡದ ಹೆಣ್ಣಿನ ಬೆದೆಯು ಬಹುಕಾಲ ನಿಲ್ಲುವುದು. ಆಗ ಈಸ್ಟ್ರೊಜೆನ್ನಿನ ಆಧಿಕ್ಯದಿಂದ ಎಲುಬಿನ ಮಜ್ಜೆಯು ಕುಂದಿ, ರಕ್ತಹೀನತೆಯಿಂದ ಪ್ರಾಣವೇ ಹೋಗಬಹುದು. ಇದನ್ನು ತಪ್ಪಿಸಲು ಅಂಡಾಶಯವನ್ನು ತೆಗೆದರೆ, ಪಿಟ್ಯುಟರಿಯನ್ನು ಹತೋಟಿಯಲ್ಲಿಡುವ ಸ್ರಾವವು ಇಲ್ಲವಾಗಿ, ಅದರ ಪ್ರಚೋದನೆಯು ಮೂತ್ರಪಿಂಡದ ಬಳಿಯ ಅಡ್ರೀನಲ್ ಗ್ರಂಥಿಯ ಮೇಲೆ ಎಡೆಬಿಡದೆ ಬೀಳುವುದು. ವೃಷಣವನ್ನು ತೆಗೆದ ಗಂಡಿಗೂ ಇದೇ ಗತಿ. ಕಾಲಕ್ರಮದಲ್ಲಿ ಆ ಗ್ರಂಥಿಯು ಗಂತಿಯಾಗಬಹುದು; ಸಾಮಾನ್ಯವಾಗಿ ಬಾಲದ ಕಡೆಯಿಂದ ರೋಮವು ಉದುರತೊಡಗುವುದು. ಶಸ್ತ್ರಕ್ರಿಯೆಯಾದ ವಯಸ್ಸಿಗೂ ರೋಗವು ತೋರುವ ವಯಸ್ಸಿಗೂ ಸಂಬಂಧವಿದೆಯೆಂದು ನೆದರ್ಲೆಂಡ್ಸಿನ ವಿದ್ವಾಂಸರು 2000ದಲ್ಲಿ ತೋರಿಸಿದರು.

2005ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ ವ್ಯಾಗ್ನರ್ ಮೊದಲಾದವರು ಇಂತಹ 15 ಪ್ರಾಣಿಗಳ ಚರ್ಮದಡಿಯಲ್ಲಿ 3 ಮಿಲಿಗ್ರಾಂ ಡೆಸ್ಲೊರೆಲಿನ್ನನ್ನು ಇರಿಸಿದರು. ಈ ಔಷಧವು ಪಿಟ್ಯುಟರಿಯನ್ನು ಮೊದಲು ಕೆರಳಿಸಿ, ಬಳಿಕ ಸ್ತಬ್ಧಗೊಳಿಸತಕ್ಕುದು. 4ರಿಂದ 6 ವಾರಗಳಲ್ಲಿ ರೋಮವು ಮರಳಿ ಚಿಗುರಿತು. ಆದರೆ ಸರಾಸರಿ 13.7 ತಿಂಗಳ ಮೇಲೆ ರೋಗಲಕ್ಷಣಗಳು ಮರುಕಳಿಸಿದುವು. ತರುವಾಯ ಕೆಲವುಗಳಲ್ಲಿ ಗಂತಿಯು ಕೈಗೆ ತಗಲುವಷ್ಟು ಬೆಳೆಯಿತು. 2006ರ ಮತ್ತೊಂದು ಪರೀಕ್ಷೆಯಲ್ಲಿ ಮೆಲಟೋನಿನ್ನನ್ನು ಬಾಯಿಯ ಮೂಲಕ ಕೊಡಲಾಗಿ ಹೊರಲಕ್ಷಣಗಳು ತಗ್ಗಿದುವು. ಗಂತಿಯ ಬೆಳವಣಿಗೆ ಮಾತ್ರ ತಗ್ಗಲಿಲ್ಲ.

ರೋಮವು ಬಂದುದರಿಂದಲೇ ರೋಗವು ಹೋಯಿತೆಂದು ನಿಶ್ಚಯಿಸುವುದು ಸಾಧುವಲ್ಲವೆಂದು ಇದರಿಂದ ಸಿದ್ಧವಾಗುತ್ತದೆ. ಹೊಗೆಯಿದ್ದಲ್ಲಿ ಬೆಂಕಿಯುಂಟು, ನಿಜ. ಹೊಗೆಯಿಲ್ಲದಲ್ಲಿ ಬೆಂಕಿಯೂ ಇಲ್ಲವೆನ್ನಲಾಗದು. ಕಾದ ಕಬ್ಬಿಣದ ಗುಂಡಿನಲ್ಲಿ ಹೊಗೆಯಿಲ್ಲದಿದ್ದರೂ ಬೆಂಕಿಯುಂಟೆಂಬುದು ನೈಯಾಯಿಕರ ಪ್ರಸಿದ್ಧ ದೃಷ್ಟಾಂತವಷ್ಟೆ. ದಟ್ಟವಾದ ತುಪ್ಪುಳಿನ ಕೆಳಗೂ ಗಂತಿಯು ಬೆಳೆಯುತ್ತಿರಬಹುದು. ಆದುದರಿಂದ ಚಿಕಿತ್ಸೆಯ ಫಲವನ್ನು ತುಪ್ಪುಳಿನಿಂದ ಮಾತ್ರವಲ್ಲದೆ ಗ್ರಂಥಿಯ ಪರೀಕ್ಷೆಯಿಂದಲೂ ನಿರ್ಣಯಿಸತಕ್ಕುದು.